ತಲೆಗೆ ಮುಚ್ಚಳವಿಲ್ಲದ ಅತ್ತಿಗೆ

ನನ್ನ ಅತ್ತಿಗೆಯ ತಲೆಗೆ ಮುಚ್ಚಳವಿಲ್ಲ. ಬೈಗುಳವಲ್ಲ ಮಾರಾಯ್ರೆ, ಇದ್ದದ್ದನ್ನು ಹೇಳಿದೆ! ನಮಗೆಲ್ಲ ಯೋಚನೆ ಒಳಗೇ ಹುಟ್ಟಿ ಒಳಗೇ ಸಾಯುತ್ತದೆ. ಅಣ್ಣನ ಈ ಹೆಂಡತಿಗೆ ಮಾತ್ರ ಹುಟ್ಟಿದ ಮರುಕ್ಷಣ ಬಾಯಿಂದ ಹೊರಬೀಳುತ್ತದೆ.

ತಪ್ಪೆಲ್ಲ ಅವರ ಕೆಲಸದ್ದು. ನಾವುಂದದ ಕಡೆಯ ಒಂದು ಶಾಲೆಯಲ್ಲಿ ನಾಲ್ಕನೇ ತರಗತಿಗೆ ಕನ್ನಡ ಕಲಿಸುತ್ತಾರೆ. ಒಂದು ಸಾಲು ಓದುವುದು, ನಿಲ್ಲುವುದು, ಕೆನ್ನೆಗೆ ಬೆರಳಿಟ್ಟು ಮಕ್ಕಳೆದುರೇ ಜೋರಾಗಿ ಯೋಚಿಸುವುದು: "ಇದ್ ನಂಗ್ ಅರ್ಥ ಆಯ್ಲಿಲ್ಲ. ಹಿಂದಿನ್ ಸಾಲಿಗ್ ಹೋಪ, ಕಾಂಬ." ಓದುವಾಗ ತಲೆಯೊಳಗೆ ಏನು ನಡೆಯಬೇಕು ಎಂಬುದನ್ನು ಮಕ್ಕಳು ಕಣ್ಣಾರೆ ನೋಡಬೇಕಂತೆ!

ಶಾಲೆಯಲ್ಲಿ ಸರಿ. ಹೋಟೆಲಿನಲ್ಲಿ? ಕುಂದಾಪುರದಲ್ಲಿ ಬನ್ಸ್ ತಿನ್ನುತ್ತಿದ್ದಾಗ ಗೋಡೆಯ ಬೋರ್ಡು ಅವರ ಕಣ್ಣಿಗೆ ಬಿತ್ತು: "ಕುಡಿಯುವ ನೀರಿನ ಜಗ್ಗಿನಲ್ಲಿ ಕೈ ಅದ್ದಬೇಡಿ."

"ಹಾಂಗಾರೆ ಯಾರೋ ಅದ್ದಿರ್," ಅತ್ತಿಗೆ ಶುರು ಮಾಡಿದರು. "ಸುಮ್ನೆ ಬೋರ್ಡ್ ಹಾಕ್ತ್ರಾ? ಈಗ ನನ್ ಪ್ರಶ್ನೆ ಎಂತ ಅಂದ್ರೆ, ಅದ್ದದ್ದ್ ಬೋರ್ಡ್ ಹಾಕುಕೆ ಮುಂಚೆಯೋ, ಇವತ್ ಬೆಳಿಗ್ಗೆಯೋ?"

ಸುತ್ತಲಿನ ನಾಲ್ಕು ಮೇಜಿನವರು ಲೋಟ ಕೆಳಗಿಟ್ಟರು. ಮಾಲೀಕರು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಒಮ್ಮೆ ಅವರು ಮರೆತುಹೋದ ಬುತ್ತಿ ಕೊಡಲು ಶಾಲೆಗೆ ಹೋದೆ. "ಅಬ್ಬಿ ಬೆಟ್ಟದಿಂದ ಕೆಳಕ್ಕೆ ಧುಮುಕುತ್ತದೆ" ಎಂದು ಓದಿ ನಿಂತಿದ್ದರು. ಪುಸ್ತಕಕ್ಕೆ ಅಬ್ಬಿ ಎಂದರೆ ಜಲಪಾತ; ನಮ್ಮೂರಿನ ಮಕ್ಕಳಿಗೆ ಅಬ್ಬಿ ಎಂದರೆ ಅಮ್ಮ!

"ಅಬ್ಬಿ ಎಂತಕ್ಕೆ ಗುಡ್ಡಿಯಿಂದ ಹಾರತ್ತ್?" ಅತ್ತಿಗೆ ಗಾಬರಿಯಿಂದ ಯೋಚಿಸಿದರು.

"ನೆಟ್‌ವರ್ಕ್ ಹುಡ್ಕುಕೆ ಹತ್ತಿ ಜಾರಿರ್ಕ್ ಟೀಚರ್!" ಎಂದ ಹಿಂದಿನ ಬೆಂಚಿನ ಹುಡುಗ.

'ಧುಮುಕುತ್ತದೆ' ಎಂದಿದೆಯಲ್ಲ, ಹೆಂಗಸಲ್ಲ ಎಂದು ತಿಳಿಯಬಾರದೆ? ಹೇಗೆ ತಿಳಿಯುವುದು! ನಮ್ಮ ಕಡೆ ಅಕ್ಕನೂ 'ಅದು', ತಂಗಿಯೂ 'ಅದು'. ಮುಂದಿನ ಸಾಲಿನಲ್ಲಿ ಬಿಳಿ ನೊರೆ ಬಂದಾಗ ಒಬ್ಬ ಹುಡುಗಿ ಚೀರಿದಳು: "ಅಬ್ಬಿ ಅಲ್ಲ ಟೀಚರ್, ನೀರ್!" ಅತ್ತಿಗೆಯ ಮುಖ ಅರಳಿದ್ದು ನೋಡಬೇಕಿತ್ತು ಆಗ.

ಅದೇ ಹುಡುಗಿಯ ಅಜ್ಜಿ ವಾರ ಬಿಟ್ಟು ಮುಖ್ಯೋಪಾಧ್ಯಾಯರ ಬಳಿ ಬಂದರು. "ಹ್ವಾಯ್, ಇದೆಂತ ಶಾಲಿ ನಿಮ್ದ್? ಟೀಚರ್ರಿಗೇ ಪಾಠ ಅರ್ಥ ಆತಿಲ್ಲಂಬ್ರ್!" ಮುಖ್ಯೋಪಾಧ್ಯಾಯರು ಅತ್ತಿಗೆಯನ್ನು ಕರೆದು, ನಾಟಕ ಸಾಕು, ನಾಳೆಯಿಂದ ಎಲ್ಲರಂತೆ ಓದಿಸಿ ಪಾಠ ಮುಗಿಸಿ ಎಂದರು.

ಆ ಸಂಜೆ ನಾನೂ ಬುದ್ಧಿವಂತನಂತೆ ಹೇಳಿದೆ: "ಬಿಡಿ ಅತ್ಗೆ, ಗಡಗಡ ಓದ್ಸಿ ಮುಗ್ಸಿ."

"ನಾನೂ ಗಡಗಡ ಓದ್ತಿದ್ದೆ ಮಾರಾಯ," ಎಂದರು. "ನಾಕ್ನೇ ಕ್ಲಾಸ್. ಅಪ್ಪಯ್ಯ ಬೊಂಬಾಯಿ ಹೋಟ್ಲಗ್ ಇದ್ದಿರ್. ಅಬ್ಬಿಗ್ ಓದುಕೆ ಬತ್ತಿಲ್ಲ. ಅಪ್ಪಯ್ಯನ ಕಾಗ್ದ ನಾನೇ ಓದ್ದೆ, ಒಂದ್ ಅಕ್ಷರ ತಪ್ದೆ. 'ಇಲ್ಲಿ ನನ್ನ ಪ್ರಕೃತಿ ಸರಿಯಿಲ್ಲ' ಅಂದ್ ಬರ್ದಿರ್. ಹಾಂಗಂದ್ರೆ ಎಂತ ಅಂದ್ ಅಬ್ಬಿ ಕೇಂತ್. ಪ್ರಕೃತಿ ಅಂದ್ರೆ ಮರ, ಗುಡ್ಡಿ, ಹೊಳಿ ಅಂದ್ ನಂಗ್ ಬಾಯಿಪಾಠ. ಬೊಂಬಾಯಗೆ ಮರಗಿಡ ಸಮಾ ಇಲ್ಲ ಅಂಬ್ರ್ ಅಂದೆ. ಅಬ್ಬಿ ನೆಗಾಡ್ತ್."

ನಾನೂ ನಗಲು ಹೊರಟವನು ಅರ್ಧಕ್ಕೇ ನಿಂತೆ.

"ಎಂಟ್ ದಿನಕ್ಕೆ ಅಪ್ಪಯ್ಯ ಹೋದ್ ಸುದ್ದಿ ಬಂತ್. ಪ್ರಕೃತಿ ಅಂದ್ರೆ ಆರೋಗ್ಯ ಅಂದೇಳಿ ಆಮೇಲೆ ಸೋದರಮಾವ ಕಾಗ್ದ ಕಂಡ್ ಹೇಳ್ರ್. ಅಬ್ಬಿ ನಂಗೆ ಬೈಯ್ಲಿಲ್ಲ."

ಅಷ್ಟು ಹೇಳಿ ನಾಳೆಯ ಪಾಠದ ಪುಸ್ತಕ ತೆರೆದರು. ಮುಚ್ಚಳವಿಲ್ಲದ ಆ ತಲೆಯಲ್ಲಿ ಆಗ ಏನಿತ್ತೋ, ಹೊರಗೆ ಬರಲಿಲ್ಲ.

ಮರುದಿನ ಬುತ್ತಿ ಮತ್ತೆ ಮನೆಯಲ್ಲೇ ಉಳಿದಿತ್ತು. ಒಯ್ದೆ. ತರಗತಿಯ ಕಿಟಕಿಯಿಂದ ಕೇಳಿಸಿತು: "ಇದ್ ನಂಗ್ ಅರ್ಥ ಆಯ್ಲಿಲ್ಲ."

ಅತ್ತಿಗೆಯ ದನಿಯಲ್ಲ. ಅರ್ಧ ಸಾಲಿಗೇ ಓದು ನಿಲ್ಲಿಸಿದ್ದು ಆ ಅಜ್ಜಿಯ ಮೊಮ್ಮಗಳು.

"ನಿಲ್ಲುವ ಮಗಾ," ಎಂದರು ಅತ್ತಿಗೆ. "ಎಲ್ಲರೂ ನಿಲ್ಲುವ."