ಹಿಂದಿದೆ ಅಂತ ಗೊತ್ತೇ ಆಗದ ಜೀಪು

ನಮ್ಮ ಮನೆಗೆ ಯಾವ ವಸ್ತುವೂ ಸುಮ್ಮನೆ ಬರುವುದಿಲ್ಲ, ನಾಲ್ಕು ಮಂದಿ ನಗುವಂಥ ಕಥೆ ಮಾಡಿಕೊಂಡೇ ಬರುತ್ತದೆ. ತೊಂಬತ್ತರ ದಶಕದ ಕೊನೆಗೆ ಅಡುಗೆಮನೆ, ಹಾಸಿಗೆ ಎಲ್ಲ ಇರುವ ಬಸ್ಸಿನಂಥ ಹಳೇ ಮೋಟಾರ್‌ಹೋಮ್ ಕೊಂಡೆ. ಅದು ಗುಡ್ಡದ ಸಣ್ಣ ದಾರಿಯಲ್ಲಿ ಹಿಡಿಸದು, ಅದಕ್ಕೇ ಅದರ ಹಿಂದೆ ಕಟ್ಟಿ ಎಳೆದೊಯ್ಯಲು ಪುಟ್ಟ ಜೀಪು ಬೇಕಿತ್ತು. ನಾನು ಧಾರವಾಡದಿಂದ ವಿಲಾಯತಿಗೆ ಬಂದು ನೆಲೆಸಿದ ಆಸ್ಪತ್ರೆ ಡಾಕ್ಟರು. ಡ್ಯೂಟಿ ನೆವ ಹೇಳಿ ಹತ್ತು ವರ್ಷ ಹೆಂಡತಿಗೆ ಸ್ಕಾಟ್ಲೆಂಡ್ ತೋರಿಸದೆ ತಪ್ಪಿಸಿಕೊಂಡಿದ್ದೆ.

“ಈ ಆಗಸ್ಟ್‌ನಾಗ ಸ್ಕಾಟ್ಲೆಂಡ್ ಆಗಲಿಲ್ಲಂದ್ರ ನಾ ಒಬ್ಬಾಕಿನ ಧಾರವಾಡಕ್ಕ ಹೋಗ್ತೀನಿ. ನೀವು ನಿಮ್ಮ ಪೇಶಂಟ್ ಕಟ್ಕೊಂಡು ಇರ್ರಿ!” ಎಂದು ಪಾಸ್‌ಪೋರ್ಟ್ ತೆಗೆದು ಫ್ರಿಜ್ ಮೇಲಿಟ್ಟಳು. ಹಾಲು ತೆಗೆಯಲು ಹೋದಾಗಲೆಲ್ಲ ಅದು ಇನ್ನೂ ಅಲ್ಲೇ ಇದೆಯೇ ಅಂತ ಮೊದಲು ನೋಡಿಕೊಳ್ಳುತ್ತಿದ್ದೆ.

೧. ಹತ್ತುವ ಪರೀಕ್ಷೆ

ನಮ್ಮ ಮನೆ ಹತ್ತಿರದ ಹೇಸ್‌ನಲ್ಲಿ ಒಂದು ಎತ್ತರದ ಜೀಪು ನೋಡಿದೆವು. ಎಂಥ ಗುಡ್ಡವನ್ನೂ ಹತ್ತುತ್ತದೆ ಎಂದ ಮಾರುವವ. ಸೀರೆಯುಟ್ಟ ನನ್ನಾಕೆ ಮೂರು ಸಲ ಕಾಲೆತ್ತಿ ಸೋತಳು.

“ಅದು ಗುಡ್ಡ ಹತ್ತತದ ಖರೆ. ಮೊದಲ ನಾ ಅದನ್ನ ಹತ್ತಬೇಕಲ್ಲ?”

ಪಾಪ, ಆತ ಓಡಿಹೋಗಿ ಸ್ಟೂಲ್ ತಂದಿಟ್ಟ.

“ಈ ಸ್ಟೂಲೂ ಗಾಡಿ ಜೋಡಿ ಕೊಡ್ತಾನೇನು ಕೇಳ್ರಿ,” ಎಂದಳು.

೨. ಡಬ್ಬಿಯ ಪರೀಕ್ಷೆ

ಮುಂದಿನ ಶನಿವಾರ ರೊಟ್ಟಿಯ ದೊಡ್ಡ ಸ್ಟೀಲ್ ಡಬ್ಬಿಯನ್ನೇ ಹೊತ್ತುಕೊಂಡು ಬಂದಳು. ನಾನು ಎಂಜಿನ್, ತೂಕ ಅಂತ ವಿಚಾರಿಸುತ್ತಿದ್ದರೆ, ಇವಳು ಒಂದೊಂದೇ ಜೀಪಿನ ಹಿಂಬಾಗಿಲು ತೆಗೆದು ಡಬ್ಬಿ ಒಳಗೆ ನೂಕುತ್ತಿದ್ದಳು. ಕೊನೆಗೊಂದರಲ್ಲಿ ಡಬ್ಬಿ ಸರಿಯಾಗಿ ಕೂತಿತು.

“ಬಹಳ ಹಗುರ ಸಾರ್, ಹಿಂದಿದೆ ಅಂತಲೇ ನಿಮಗೆ ಗೊತ್ತಾಗುವುದಿಲ್ಲ,” ಎಂದ ಮಾರುವವ. ಅದನ್ನೇ ಕೊಂಡೆವು. ಜೀಪುಗಳ ಬಗ್ಗೆ ನನ್ನ ಆರು ತಿಂಗಳ ಅಧ್ಯಯನ ಗೆದ್ದಿತೆಂದು ನಾನು ಬೀಗಿದೆ. ಗೆದ್ದದ್ದು ಡಬ್ಬಿ.

೩. ಪ್ರಸ್ಥಾನ

ರಜೆ ಸಿಕ್ಕಿದ್ದು ಮಂಗಳವಾರದಿಂದ. “ಅಯ್ಯ, ಮಂಗಳವಾರ ಉತ್ತರಕ್ಕ ಶೂಲ!” ಎಂದಳು. ಆ ದಿನ ಆ ದಿಕ್ಕಿಗೆ ಹೊರಟರೆ ಕೇಡಂತೆ, ಸ್ಕಾಟ್ಲೆಂಡ್ ಇರುವುದೇ ಉತ್ತರಕ್ಕೆ. ಪುಣ್ಯಕ್ಕೆ ನಮ್ಮಲ್ಲಿ ಪ್ರಸ್ಥಾನ ಅನ್ನುವ ಉಪಾಯವಿದೆ. ಒಳ್ಳೇ ದಿನ ಒಂದು ಚೀಲವನ್ನು ಬೇರೆಯವರ ಮನೆಯಲ್ಲಿಟ್ಟು ಬಂದರೆ ಆವತ್ತೇ ಹೊರಟ ಹಾಗೆ.

“ಚೀಲ ಯಾಕ? ಜೀಪನ್ನ ಇಟ್ಟು ಬರೋಣು,” ಎಂದೆ. ಸೋಮವಾರ ರೊಟ್ಟಿ ಡಬ್ಬಿ, ಸ್ವೆಟರು, ಸಾಮಾನೆಲ್ಲ ತುಂಬಿ ವೆಂಬ್ಲಿಯ ಗೆಳೆಯನ ಮನೆಮುಂದೆ ಜೀಪು ನಿಲ್ಲಿಸಿ, ಟ್ಯೂಬ್ ರೈಲು ಹಿಡಿದು ರೇನರ್ಸ್ ಲೇನ್‌ನ ನಮ್ಮ ಮನೆಗೆ ಮರಳಿದೆವು. ಮರುದಿನ ಹೋಗುವಾಗ ಕಟ್ಟಿಕೊಂಡು ಹೋಗುವುದು.

ಮಂಗಳವಾರ ಬೆಳಗ್ಗೆ ಮೋಟಾರ್‌ವೇಯಲ್ಲಿ ಮೋಟಾರ್‌ಹೋಮ್ ಗಾಳಿಯಂತೆ ಓಡಿತು. ನನಗೋ ಹಿಗ್ಗೋ ಹಿಗ್ಗು.

“ನೋಡಿದ್ಯಾ ನನ್ನ ಆಯ್ಕೆ? ಜೀಪು ಹಿಂದದ ಅಂತ ಗೊತ್ತರ ಆಗ್ತದೇನು?”

“ಹೂಂನ್ರಿ, ಏನೂ ಗೊತ್ತಾಗವಲ್ದು!”

ಎರಡು ತಾಸಿನ ಮೇಲೆ ಚಹಾಕ್ಕೆ ನಿಲ್ಲಿಸಿದೆ. ರೊಟ್ಟಿ ತರುತ್ತೇನೆಂದು ಅವಳು ಹಿಂದಕ್ಕೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಜೀಪು ಕಟ್ಟುವ ಖಾಲಿ ಕೊಕ್ಕೆಯನ್ನೇ ನೋಡುತ್ತ ನಿಂತಿದ್ದಳು. ಜೀಪು ವೆಂಬ್ಲಿಯಲ್ಲೇ ಇತ್ತು!

ಮುಗೀತು, ಇನ್ನು ಧಾರವಾಡವೇ ಗತಿ ಎಂದುಕೊಂಡೆ. “ತಪ್ಪಾತು ಮಾರಾಯ್ತಿ. ಈಗ ಹೋಗಿ ತರೋಣು. ಊರಿಗೆ ಮಾತ್ರ ಹೋಗಬ್ಯಾಡ,” ಎಂದು ಕೈ ಮುಗಿದೆ.

ಅವಳು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

“ಹೆಂಗ ಹೋಗ್ಲಿರೀ? ಇರಲಿ ಅಂತ ಪಾಸ್‌ಪೋರ್ಟೂ ಆ ರೊಟ್ಟಿ ಡಬ್ಬ್ಯಾಗ ಇಟ್ಟೀನಿ!”