ತಲೆದಿಂಬುಗಳ ಗಡೀಪಾರು

“ನನ್ನ ಕೆಮ್ಮಿನ ಮೂಲ ಸಿಕ್ತು! ಧೂಳು! ಒಂದೇ ವಾರದಲ್ಲಿ ಅದನ್ನ ನಿರ್ವಂಶ ಮಾಡ್ತೀನಿ, ನೋಡ್ತಿರು!” ಎಂದು ಗಡಿಯಾರ ರಿಪೇರಿಯ ಯಜಮಾನರು ಹೆಂಡತಿಯ ಮುಂದೆ ಘರ್ಜಿಸಿದರು. ಘರ್ಜನೆ ಅರ್ಧಕ್ಕೇ ಕೆಮ್ಮಾಯಿತು.

ಘರ್ಜಿಸಲು ಕಾರಣವಿತ್ತು. ಒಂದೇ ವರ್ಷದಲ್ಲಿ ಎರಡು ಸಲ ಎದೆಗೆ ಸೋಂಕಾಗಿತ್ತು. ಮೂವತ್ತು ವರ್ಷ ಉಸಿರು ಬಿಗಿಹಿಡಿದು ಕೂದಲೆಳೆಯಂಥ ಸ್ಪ್ರಿಂಗ್ ಕೂರಿಸಿದ ಮನುಷ್ಯ, ಈಗ ಒಂದು ಕೆಮ್ಮಿಗೆ ಮೂರು ಸ್ಕ್ರೂ ಹಾರಿಸುತ್ತಿದ್ದರು! ಹೀಗೇ ಆದರೆ ಅಂಗಡಿಯ ಬಾಗಿಲು ಹಾಕಬೇಕಿತ್ತು.

ಸಮರ ಶುರುವಾಯಿತು. ಕಿಟಕಿಗಳಿಗೆ ಟೇಪ್ ಬಿತ್ತು. ಪರದೆ ಇಳಿಯಿತು. ಫ್ಯಾನು ನಿಂತಿತು. ಹೆಂಡತಿಯ ಪೌಡರ್ ಡಬ್ಬಿ ಬೀರುವಿನಲ್ಲಿ ಬಂಧಿಯಾಯಿತು. ಕೊನೆಗೆ, “ಹತ್ತಿಯೇ ಧೂಳಿನ ತವರುಮನೆ!” ಎಂದು ತಲೆದಿಂಬುಗಳಿಗೂ ಗಡೀಪಾರಿನ ಶಿಕ್ಷೆ! ಹೊಟ್ಟೆ ಬಿರಿಯುವಂತೆ ಉಂಡು, ಕೈ ತೊಳೆದ ಕೂಡಲೇ ಮಲಗುವುದು ಅವರ ಹಳೆಯ ರೂಢಿ; ಈಗ ದಿಂಬೂ ಇಲ್ಲದೆ ಹಲಗೆಯಂತೆ ಮಟ್ಟಸವಾಗಿ!

“ರೀ, ಉಂಡ ತಕ್ಷಣ ಮಲಗ್ಬೇಡಿ. ಹುಳಿತೇಗು ಬರ್ತಿದೆ ನಿಮಗೆ.”

“ಕೆಮ್ಮು ಎದೇದು ಕಣೇ! ಹೊಟ್ಟೆ ವಿಷಯ ಯಾಕೆ ಮಧ್ಯೆ ತರ್ತೀಯ?”

ವಾರ ತುಂಬುವ ಮೊದಲೇ ಮೂರನೇ ಸೋಂಕು. ಹೆಂಡತಿಯೇ ಅವರ ಕೈ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದರು. ಡಾಕ್ಟರಮ್ಮ ಎದೆಯನ್ನು ಕೇಳಿ, ಪರೀಕ್ಷೆಗಳನ್ನೆಲ್ಲ ಮಾಡಿಸಿ, ಬೆರಳು ತೋರಿಸಿದ್ದು ಮಾತ್ರ ಹೊಟ್ಟೆಯ ಕಡೆಗೆ!

“ಅನ್ನನಾಳದ ಬುಡದಲ್ಲಿ ಒಂದು ಬಾಗಿಲಿದೆ. ನುಂಗಿದಾಗ ತೆರೆಯುತ್ತೆ, ಆಮೇಲೆ ಮುಚ್ಕೊಳ್ಳುತ್ತೆ. ನಿಮ್ಮದು ಸಡಿಲ ಆಗಿದೆ. ತುಂಬಿದ ಹೊಟ್ಟೇಲಿ ಮಟ್ಟಸವಾಗಿ ಮಲಗಿದ್ರೆ ಹುಳಿ ಮೇಲೆ ಹತ್ತಿ, ಹನಿಹನಿಯಾಗಿ ಶ್ವಾಸನಾಳಕ್ಕೂ ಇಳಿಯುತ್ತೆ. ಅದು ಕೆರಳಿಸಿದ ಜಾಗದಲ್ಲಿ ಸೋಂಕು ಸಲೀಸಾಗಿ ಕೂತ್ಕೊಳ್ಳುತ್ತೆ. ಔಷಧಿ ಕೊಡ್ತೀನಿ. ಮಂಚದ ತಲೆಭಾಗ ಎತ್ತರಿಸಿ. ಮಲಗೋದಕ್ಕೆ ಮೂರು ಗಂಟೆ ಮೊದಲೇ ಊಟ ಮುಗಿಸಿ.”

ಯಜಮಾನರು ದಾರಿಯುದ್ದಕ್ಕೂ ಎದೆಗೂಡಿನ ಕೆಳಗೆ ಅಂಗೈ ಇಟ್ಟುಕೊಂಡೇ ನಡೆದರು. ಮನೆ ಸೇರಿದ ಮೇಲೆ ಬೆರಗು ತಡೆಯಲಾಗಲಿಲ್ಲ.

“ಸ್ಕ್ರೂ ಇಲ್ಲ, ಕೀ ಕೊಡೋ ಹಾಗಿಲ್ಲ, ಎಣ್ಣೆ ಬಿಡೋ ಹಾಗಿಲ್ಲ! ಐವತ್ತೆರಡು ವರ್ಷ ಒಂದೊಂದು ಗುಟುಕಿಗೂ ತೆರೆದು ಮುಚ್ಚಿದೆ ಕಣೇ! ನಾನು ನಿದ್ದೆ ಹೊಡೀತಿದ್ರೂ ಅದು ಕಾವಲು! ನನ್ನ ಕೈಲಿ ಇಂಥದ್ದೊಂದು ಮಾಡೋಕಾಗುತ್ತಾ? ಮಾಡಿದ ಪುಣ್ಯಾತ್ಮನ ಕಾಲಿಗೆ ಬೀಳ್ಬೇಕು!” ಅವರ ಕಣ್ಣು ನಿಜಕ್ಕೂ ತುಂಬಿತ್ತು. “ಅಂಥಾದ್ದು ಹೇಗೆ ಕೆಟ್ಟೋಯ್ತು ಅಂತೀನಿ?”

ಹೆಂಡತಿ ಕಿಟಕಿಯ ಟೇಪ್ ಕೀಳುತ್ತಿದ್ದವರು ತಿರುಗಿಯೂ ನೋಡಲಿಲ್ಲ.

“ಕೆಲಸಗಾರ ಒಳ್ಳೇವನೇ ರೀ. ಗಿರಾಕಿ ಸರಿ ಇಲ್ಲ!”