ಚುಗಲಿ ತೂತು

ತೂತು ಕಂಡರೆ ಸುಮ್ಮನಿರಲು ನನಗೆ ಆಗುವುದಿಲ್ಲ. ಇದು ರೋಗವೋ ಕಸುಬಿನ ಗುಣವೋ ಖಚಿತವಾಗಿ ಹೇಳಲಾರೆ. ಮಹಾರಾಷ್ಟ್ರದ ಗಡಿಯಲ್ಲಿರುವ ಉಮರ್ಗಾದ ಪೇಟೆಯಲ್ಲಿ ನಮ್ಮದು ಅಪ್ಪನ ಕಾಲದ ಬಟ್ಟೆ ಅಂಗಡಿ. ಹೊಸ ಬಟ್ಟೆಯ ತಾನು ಬಂದರೆ ಅದನ್ನು ಬಾಗಿಲ ಬೆಳಕಿಗೆ ಬಿಡಿಸಿ ಹಿಡಿದು, ಸೂಜಿಮೊನೆಯಷ್ಟು ರಂಧ್ರ ಕಂಡರೂ ಸುತ್ತ ಸೀಮೆಸುಣ್ಣದಿಂದ ವೃತ್ತ ಬರೆದು, ರಫೂ ಮಾಡುವವನಿಗೆ ಕೊಡುವುದು ನಾನು ಹತ್ತನೆಯ ವಯಸ್ಸಿನಿಂದ ಮಾಡುತ್ತ ಬಂದ ಕೆಲಸ. ಬಟ್ಟೆಯ ಲೋಕದಲ್ಲಿ ಗುಂಡಿಯ ಕಾಜೊಂದನ್ನು ಬಿಟ್ಟರೆ ಮಿಕ್ಕ ತೂತುಗಳೆಲ್ಲ ತಪ್ಪುಗಳೇ. ಮೇಲಾಗಿ ನಾವು ಭೂಕಂಪ ಕಂಡ ಸೀಮೆಯವರು. ಆಗ ನೆಲಸಮವಾದ ಸಾಸ್ತೂರ ನಮಗೆ ದೂರವಲ್ಲ. ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡರೂ ನಮ್ಮಲ್ಲಿ ಜನ ಊಟ ಬಿಟ್ಟೆದ್ದು ಬೆರಳಾಡಿಸಿ ನೋಡುತ್ತಾರೆ. ಹೀಗಾಗಿ ನಲ್ಲಿಗೆ, ಬಕೆಟ್ಟಿಗೆ ಮೆತ್ತುವ ಎರಡು ಬಣ್ಣದ ಅಂಟು, ಕಣಕದ ಹಾಗೆ ನಾದಿ ಹಚ್ಚುವಂಥದು, ನನ್ನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಯಾವಾಗಲೂ ಇರುತ್ತದೆ.

ನನಗೆ ಇನ್ನೊಂದು ಹೆಮ್ಮೆಯೂ ಉಂಟು. ಊರಲ್ಲಿ ಎಲ್ಲಾದರೂ ಪಂಚನಾಮೆ ಬರೆಯುವುದಿದ್ದರೆ ಸಾಕ್ಷಿಗೆ ನನ್ನನ್ನು ಕರೆಯುತ್ತಾರೆ. ಕಂಡದ್ದನ್ನು ಅಳೆದು ಹೇಳುವ ಮನುಷ್ಯ ಎಂದು ಹೆಸರಾಗಿದೆ. ಒಮ್ಮೆ ಬಾವಿಯಲ್ಲಿ ಸಿಕ್ಕ ಸೈಕಲ್ಲಿನ ಪಂಚನಾಮೆಯಲ್ಲಿ ಅದರ ಸೀಟಿನ ಹೊಲಿಗೆಗಳನ್ನೂ ಎಣಿಸಿ ಬರೆಸಿದ್ದೆ. ಸೈಕಲ್ಲಿನ ಬಣ್ಣ ಯಾವುದೆಂದು ಬರೆಸುವುದು ಮಾತ್ರ ಮರೆತುಹೋಗಿತ್ತು. ಈ ಮಾತನ್ನು ಓದುಗರು ನೆನಪಿಟ್ಟುಕೊಂಡರೆ ಮುಂದಿನದು ಬೇಗ ತಿಳಿಯುತ್ತದೆ.

ನನ್ನ ಹೆಂಡತಿಯ ತವರು ಉದಗೀರ. ಅವಳ ತಮ್ಮ ಸಂಗಮೇಶ, ಮನೆಯಲ್ಲಿ ಸಂಗು, ಡೀಸೆಲ್ ಪಿಕಪ್ಪಿನಲ್ಲಿ ತೊಗರಿ, ಸೋಯಾ ಸಾಗಿಸುತ್ತಾನೆ. ಆ ಗಾಡಿಯನ್ನು ಅವನು ಯಾರಿಗೂ ಕೊಡುವವನಲ್ಲ. ಹತ್ತಿರದ ಮುರುಮ ಊರಿನ ಬಡಿಗೇರನಿಂದ ಅಂಗಡಿಗೆ ಹೊಸ ಕಪಾಟುಗಳನ್ನು ತರಬೇಕೆಂದು ನಾನು ಕೇಳಿದಾಗ ಮೂರು ದಿನ ಯೋಚಿಸಿದ. ಕೊನೆಗೆ ಕೀಲಿ ಕೈಗೆ ಹಾಕಿ, "ದಾಜಿ, ನೀವು ಹುಷಾರಿ ಮನುಷ್ಯರು ಅಂತ ಕೊಡಾಕತ್ತೀನಿ. ನಲವತ್ತು ದಾಟಿಸಬ್ಯಾಡ್ರಿ" ಎಂದ. ಅಕ್ಕನ ಗಂಡನನ್ನು ನಮ್ಮ ಕಡೆ ಮರಾಠಿಯವರ ಹಾಗೆ ದಾಜಿ ಎನ್ನುತ್ತಾರೆ. ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಗಾಡಿ ತಿರುಗಿ ಉದಗೀರದಲ್ಲಿರಬೇಕೆಂಬುದು ಕರಾರು. ಅಂದು ಅವನ ಹೆಂಡತಿಗೆ ಕುಬಸ, ಅಂದರೆ ಸೀಮಂತ. ಮದುವೆಯಾದ ಆರು ವರ್ಷಕ್ಕೆ ನಿಂತ ಬಸುರು. ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಆರತಿ ಬೆಳಗಬೇಕು. ಸೀರೆ ನಮ್ಮ ಅಂಗಡಿಯದು. ಅದನ್ನು ತಾವೇ ಆರಿಸಬೇಕೆಂದು ಸಂಗುವಿನ ತಾಯಿ, ಅಂದರೆ ನನ್ನ ಅತ್ತೆಯವರು, ಅದೇ ಗಾಡಿಯಲ್ಲಿ ನನ್ನ ಜೊತೆ ಉಮರ್ಗಾಕ್ಕೆ ಬಂದರು. ನನ್ನ ಹೆಂಡತಿ ಅಡುಗೆಯ ತಯಾರಿಗೆಂದು ಉದಗೀರದಲ್ಲಿ ಉಳಿದಳು. ಶುಕ್ರವಾರ ನಾನು ಸಮಯಕ್ಕೆ ಮುಟ್ಟಿಸಬೇಕಾದವು ಹೀಗೆ ಮೂರಾದವು: ಗಾಡಿ, ಸೀರೆ, ಮತ್ತು ಸೊಸೆಯ ಮಡಿಲಿಗೆ ಆ ಸೀರೆ ಇಡಬೇಕಾದ ಅತ್ತೆಯವರು.

ಅತ್ತೆಯವರು ನನ್ನೊಡನೆ ಮಾತಾಡುವುದಿಲ್ಲ. ಜಗಳವೇನೂ ಇಲ್ಲ, ಇದು ಮರ್ಯಾದೆ. ಅಳಿಯನ ಎದುರು ನಿಂತು ಮಾತಾಡುವ ರೂಢಿ ಅವರ ಕಾಲದಲ್ಲಿ ಇರಲಿಲ್ಲ. ಮದುವೆಯಾಗಿ ಹದಿನಾಲ್ಕು ವರ್ಷ. ಇಷ್ಟು ವರ್ಷ ಅವರ ಮಾತುಗಳೆಲ್ಲ ನನಗೆ ಸುತ್ತು ದಾರಿಯಿಂದಲೇ ಬಂದಿವೆ. ನನ್ನ ಹೆಂಡತಿ ಇದ್ದರೆ ಅವಳ ಮೂಲಕ, ನನ್ನ ಅವ್ವ ಇದ್ದರೆ ಅವ್ವನ ಮೂಲಕ, ಯಾರೂ ಇಲ್ಲದಿದ್ದರೆ ಕಂಬವೋ ಕೊಡವೋ ಹತ್ತಿರ ಯಾವುದಿದೆಯೋ ಅದರ ಮೂಲಕ. ನನ್ನ ಅಂಗಿಯ ತೋಳು ಹರಿದಿದೆ ಎಂಬುದನ್ನು ಒಮ್ಮೆ ಅವರು ಬೆಕ್ಕಿಗೆ ಹೇಳಿದ್ದರು. ಬೆಕ್ಕು ನನ್ನನ್ನು ನೋಡಿತ್ತು.

ಬುಧವಾರ ಬೆಳಿಗ್ಗೆ, ಕಪಾಟುಗಳನ್ನು ಇಳಿಸಿ ಮನೆಯ ಮುಂದೆ ನಿಲ್ಲಿಸಿದ್ದ ಪಿಕಪ್ಪಿನ ಕೆಳಗೆ ಒಂದು ಹಸಿರು ಕಲೆ ಕಂಡಿತು. ನಾವು ಅಂಗಡಿಯಲ್ಲಿ ಪೋಪಟಿ ಎನ್ನುವ ಗಿಳಿಯ ಹಸಿರು. ಅಗಲ ನಾಲ್ಕು ಬೆರಳು. ನಾನು ಗೋಣಿಚೀಲ ಹಾಸಿ, ಗಾಡಿಯ ಕೆಳಗೆ ಮಲಗಿ, ಕೈಬ್ಯಾಟರಿಯ ಬೆಳಕು ಬಿಟ್ಟು ನೋಡಿದೆ. ರೇಡಿಯೇಟರಿನ ಹಿಂದೆ, ಫ್ಯಾನಿನ ಬೆನ್ನಿಗೆ ಅಂಟಿದಂತೆ ಒಂದು ಕಬ್ಬಿಣದ ಗಡ್ಡೆ. ಅದೇ ವಾಟರ್ ಪಂಪು ಎಂದು ಆಮೇಲೆ ತಿಳಿಯಿತು. ಅದರ ಹೊಟ್ಟೆಯ ಅಡಿಯಲ್ಲಿ ಕಡಲೆಕಾಳು ಹಿಡಿಸುವಷ್ಟು ತೂತು. ಅದರಿಂದ ಹನಿ ಬೀಳುತ್ತಿತ್ತು, ಒಂದರಿಂದ ಹದಿನೆಂಟು ಎಣಿಸುವಷ್ಟರಲ್ಲಿ ಒಂದು. ತೂತು ಎಷ್ಟು ದುಂಡಗಿತ್ತೆಂದರೆ ಯಾರೋ ಬೇಕೆಂದೇ ಕೊರೆದ ಹಾಗಿತ್ತು. ಬೇರೆ ಯಾರಾದರೂ ಇಲ್ಲಿಯೇ ನಿಂತು ಯೋಚಿಸುತ್ತಿದ್ದರು. ನಾನು ಅಂಟು ತಂದು, ನಾದಿ, ಒತ್ತಿ ಮುಚ್ಚಿ, ಬೆರಳಿಗೆ ಉಗುಳು ಹಚ್ಚಿ ನುಣ್ಣಗೆ ಮಾಡಿದೆ. ಸಂಜೆ ನೋಡಿದರೆ ನೆಲ ಒಣಗಿತ್ತು. ನಾನು ಅಂಗಡಿಯಲ್ಲಿ ಮೂವರು ಗಿರಾಕಿಗಳಿಗೆ ಈ ಸಂಗತಿ ಹೇಳಿದೆ. ಅವರಲ್ಲಿ ಇಬ್ಬರು ಲಂಗದ ಬಟ್ಟೆಗೆ ಬಂದವರು.

ಶುಕ್ರವಾರ ಹನ್ನೆರಡೂವರೆಗೆ ಹೊರಟೆವು. ಅತ್ತೆಯವರು ಸೀರೆಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು, ಸೆರಗು ಎಳೆದುಕೊಂಡು, ಎಡಗಡೆಯ ಬಾಗಿಲಿಗೆ ಅಂಟಿ ಕೂತರು. ಗಾಡಿಯಲ್ಲಿ ಬೆಕ್ಕು ಇರಲಿಲ್ಲ, ಆದರೆ ಗಾಜಿನ ಹಿಂದೆ ಸಂಗು ಅಂಟಿಸಿದ ಹಿತ್ತಾಳೆಯ ಪುಟ್ಟ ಬಸವಣ್ಣನಿದ್ದ. ನಾನು ವೇಗದ ಮುಳ್ಳನ್ನು ನಲವತ್ತರ ಗೆರೆಗೆ ಹಚ್ಚಿ, ಅದರ ಮೇಲಿಂದ ಕಣ್ಣು ಕದಲಿಸದೆ ನಡೆಸಿದೆ. ಕಾಸಾರ ಸಿರ್ಸಿ ದಾಟಿದ ಮೇಲೆ ಅತ್ತೆಯವರು ಬಾಯಿ ತೆರೆದರು.

"ಬಸವಣ್ಣಾ, ಗರಾ ಗರಾ ಅಂತದಲ್ಲೊ. ಬೀಸೂ ಕಲ್ಲಿನಾಗ ಖಡಿ ಸಿಕ್ಕಂಗ."

ನನಗೂ ಕೇಳಿಸಿತು. ಆದರೆ ಇನ್ನೊಬ್ಬರಿಗೆ ಹೇಳಿದ ಮಾತಿಗೆ ನಡುವೆ ಬಾಯಿ ಹಾಕುವುದು ಸಭ್ಯತೆಯಲ್ಲ. ಬಸವಣ್ಣ ಏನೂ ಉತ್ತರ ಕೊಡಲಿಲ್ಲ. ಎರಡು ಹಳ್ಳಿ ದಾಟಿದೆವು.

"ಬಸವಣ್ಣಾ, ಅಲ್ಲೊಂದು ಸಣ್ಣ ಮುಳ್ಳು ಮ್ಯಾಲ ಮ್ಯಾಲ ಹೊಂಟದ. ಮನ್ನಿ ಬರೂವಾಗ ನಟ್ಟನಡುವ ಇತ್ತು."

ನನ್ನ ಮುಳ್ಳು ನಲವತ್ತರಲ್ಲಿಯೇ ಇತ್ತು. ಆ ತಟ್ಟೆಯಲ್ಲಿ ಇನ್ನೊಂದು ಮುಳ್ಳು ಇದೆ, ಅದು ಎಂಜಿನ್ನಿನ ಬಿಸಿಯನ್ನು ತೋರಿಸುತ್ತದೆ ಎಂಬುದು ನನಗೆ ಗೊತ್ತಿತ್ತು; ಸೈಕಲ್ಲಿಗೆ ಬಣ್ಣವಿರುತ್ತದೆ ಎಂದು ಗೊತ್ತಿದ್ದ ಹಾಗೆ.

"ಬಸವಣ್ಣಾ, ಯಾರಿಗರೇ ಬುದ್ಧಿ ಕೊಡು" ಎಂದರು ಅತ್ತೆಯವರು. ಆ 'ಯಾರು' ಯಾರೆಂದು ನಾನು ಯೋಚಿಸುತ್ತಿರುವಾಗಲೇ ಮುಂದಿನಿಂದ ಹಂದಿ ಕಿರುಚಿದಂಥ ಸದ್ದು ಎದ್ದಿತು, ರಬ್ಬರು ಸುಟ್ಟ ವಾಸನೆ ಬಂತು.

"ಅಯ್ಯ ಅಳ್ಯಾರ, ನಿಂದರಸ್ರಿ!"

ಹದಿನಾಲ್ಕು ವರ್ಷದಲ್ಲಿ ಅತ್ತೆಯವರು ನನಗೆ ನೇರವಾಗಿ ಆಡಿದ ಮೊದಲ ಮಾತು. ನಾನು ಬ್ರೇಕು ಒತ್ತಿದ್ದು ಗಾಡಿಯ ಸದ್ದಿಗಲ್ಲ, ಆ ಮಾತಿನ ಗಾಬರಿಗೆ.  

ನಿಲಂಗಾ ಅಲ್ಲಿಂದ ಒಂದು ಮೈಲಿ. ಒಬ್ಬ ಟ್ರ್ಯಾಕ್ಟರಿನವನು ಹಗ್ಗ ಕಟ್ಟಿ, ಬಸ್ ನಿಲ್ದಾಣದ ಹತ್ತಿರದ ಚಾಂದಸಾಬರ ಗ್ಯಾರೇಜಿನ ಮುಂದೆ ಎಳೆದು ಬಿಟ್ಟ. ಎರಡು ಗಂಟೆಯಾಗಿತ್ತು. ನಾನು ಮರಾಠಿಯಲ್ಲಿ ವಿವರ ಶುರುಮಾಡಿದೆ. ಹೊರಟ ಸಮಯ, ವೇಗ, ದಿಕ್ಕು ಎಲ್ಲ ಹೇಳಿದೆ. ಚಾಂದಸಾಬ್ ಕೈ ಎತ್ತಿ ತಡೆದರು. "ಕನ್ನಡಾನೇ ಮಾತಾಡ್ರಿ ಶೇಟ್, ನಂದೂ ಭಾಲ್ಕಿ ಕಡೆ. ನಿಮ್ಮ ಮರಾಠಿ ಕೇಳಿ ಎಂಜಿನ್ನು ಇನ್ನಾ ಬಿಸಿ ಆದೀತು."

ಎಂಜಿನ್ನು ಆರಿದ ಮೇಲೆ ನೀರು ಬಸಿದು, ಬೆಲ್ಟು, ಫ್ಯಾನು ಬಿಚ್ಚಿ ಪಂಪನ್ನು ಹೊರತೆಗೆದರು. ಬೋಲ್ಟುಗಳು ಒಂದೊಂದು ಒಂದೊಂದು ಉದ್ದದವು. ಮಿಠಾಯಿ ಡಬ್ಬಿಯ ರಟ್ಟಿನ ಮೇಲೆ ಪಂಪಿನ ಆಕಾರ ಗೀಚಿ, ಯಾವ ಜಾಗದ ಬೋಲ್ಟನ್ನು ಆ ಜಾಗದಲ್ಲಿಯೇ ಚುಚ್ಚಿಟ್ಟರು. ಇಂಥ ಅಚ್ಚುಕಟ್ಟು ಕಂಡು ನನಗೆ ಅವರ ಮೇಲೆ ಗೌರವ ಹುಟ್ಟಿತು. ಅಷ್ಟರಲ್ಲಿ ಅವರು ಪಂಪನ್ನು ಮಗುಚಿ ನೋಡಿ, ನಿಧಾನವಾಗಿ ತಲೆ ಎತ್ತಿದರು.

"ಶೇಟ್, ಇದು ಯಾರು ಮಾಡ್ಯಾರ?"

"ರಂಧ್ರವನ್ನು ಮುಚ್ಚಲಾಗಿದೆ ಎಂದು ಕಂಡುಬರುತ್ತದೆ" ಎಂದೆ. ಪಂಚನಾಮೆಯ ಭಾಷೆಯಲ್ಲಿ ಇದೊಂದು ಸೌಕರ್ಯ. ಎಲ್ಲ ಆಗಿರುತ್ತದೆ, ಮಾಡಿದವನು ಮಾತ್ರ ಇರುವುದಿಲ್ಲ.

"ಅದು ನನಗೂ ಕಂಡುಬರತದ. ಯಾರು ಮುಚ್ಚ್ಯಾರ?"

ಬೇವಿನ ಮರದ ಕೆಳಗೆ ಕೂತಿದ್ದ ಅತ್ತೆಯವರಿಗೆ ಮೆಕ್ಯಾನಿಕ್ಕಿನೊಡನೆ ಮಾತಾಡಲು ಯಾವ ಅಡ್ಡಿಯೂ ಇರಲಿಲ್ಲ. "ತಮ್ಮಾ, ಬುಧವಾರ ಮುಂಜಾನಿ. ಪೂಜಿ ಆಗಿತ್ತು, ನಾಷ್ಟಾ ಆಗಿರಲಿಲ್ಲ. ಅಳ್ಯಾರು ಗೋಣಿಚೀಲ ಹಾಸಿ ಗಾಡಿ ಬುಡಕ ಮಕ್ಕೊಂಡಿದ್ರು. ಎಡಗೈಯಾಗ ಬ್ಯಾಟ್ರಿ, ಬಲಗೈಯಾಗ ಅಂಟು. ಎದ್ದು ಬಂದು, ಸಂಗುನ ಕೈಲೆ ಆಗದ್ದು ನಾ ಮಾಡೀನಿ ಅಂತ ಅವರ ಅವ್ವಗ ಹೇಳಿದ್ರು."

ಸಾಕ್ಷಿ ಹೇಳುವುದೆಂದರೆ ಹೀಗೆ. ನಾನು ಇಷ್ಟು ವರ್ಷ ಸೀಟಿನ ಹೊಲಿಗೆ ಎಣಿಸುತ್ತಿದ್ದೆ.

ಚಾಂದಸಾಬ್ ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು. ಅಂಟನ್ನು ಚಿಮ್ಮಟಿಗೆಯಿಂದ ಕಿತ್ತು ನನ್ನ ಅಂಗೈಯಲ್ಲಿಟ್ಟು ಹೇಳಿದರು: "ಈ ತೂತಿಗೆ ನಮ್ಮ ಉಸ್ತಾದ ಚುಗಲಿ ತೂತು ಅಂತಿದ್ದ. ಚಾಡಿ ಹೇಳೂ ತೂತು. ಕಂಪನಿಯವರೇ ಬೇಕಂತ ಇಟ್ಟಿದ್ದು. ಒಳಗಿನ ಸೀಲು ಹ್ವಾದ್ರ ನೀರು ಬೇರಿಂಗಿಗೆ ಹೋಗಬಾರದು, ಇಲ್ಲಿಂದ ಹನಿ ಹನಿ ಹೊರಗ ಬೀಳಬೇಕು. ಮಾಲಕ ನೋಡಬೇಕು, ಪಂಪು ಬದಲಿ ಮಾಡಸಬೇಕು. ಅದು ಪಾಪ ಮೆಲ್ಲಕ ಹೇಳಾಕತ್ತಿತ್ತು. ನೀವು ಬಾಯಿಗೇ ಮೆತ್ತೀರಿ. ನೀರು ಒಳಗ ಹೋಗಿ ಬೇರಿಂಗ್ ತಿಂದದ. ಇನ್ನ ಜರಾ ಮುಂದ ಹೋಗಿದ್ರ ಫ್ಯಾನು ಹೋಗಿ ರೇಡಿಯೇಟರ್ ಕೊಯ್ತಿತ್ತು. ಗಾಡಿ ಯಾರು ನಿಲ್ಲಿಸಿದ್ರು?"

ನಾನು ಬೇವಿನ ಮರದ ಕಡೆ ನೋಡಿದೆ.

ಹೊಸ ಪಂಪು ನಿಲಂಗಾದಲ್ಲಿಯೇ ಸಿಕ್ಕಿತು, ಆದರೆ ಕೂಡಿಸಲು ಎರಡು ತಾಸು ಬೇಕೆಂದರು. ಎದುರಿಗೇ ಉದಗೀರದ ಬಸ್ಸು ನಿಂತಿತ್ತು. ನಾನು ಚಾಂದಸಾಬರಿಗೆ, "ಅತ್ತಿಯವರು ಸೀರಿ ತಗೊಂಡು ಬಸ್ಸಿಗೆ ಹೋದ್ರ ಕುಬಸಕ್ಕ ಮುಟ್ಟತಾರ, ಹೇಳ್ರಿ" ಎಂದೆ. ಅತ್ತೆಯವರೂ ಚಾಂದಸಾಬರಿಗೇ ಹೇಳಿದರು: "ಅಳ್ಯಾರನ್ನ ಒಬ್ಬರನ್ನೇ ಬಿಟ್ಟು ನಾ ಹ್ಯಾಂಗ ಹೋಗಲಿ ತಮ್ಮಾ? ಇಲ್ಲಿ ಇನ್ನೊಂದು ತೂತು ಕಂಡ್ರ?" ಬಸ್ಸು ಹೊರಟುಹೋಯಿತು. ಆರು ವರ್ಷ ಕಾದು ಕಂಡ ದಿನವನ್ನು ಆ ಹೆಂಗಸು ನನ್ನ ಮೇಲೆ ಪಣ ಇಟ್ಟಿದ್ದರು. ಸೀರೆಯ ಗಂಟನ್ನು ಮಾತ್ರ ತೊಡೆಯಿಂದ ಕೆಳಗಿಡಲಿಲ್ಲ.

ಸುಮ್ಮನೆ ನಿಲ್ಲಲಾರದೆ ನಾನೂ ಕೆಲಸ ಕೇಳಿದೆ. ಪಂಪು ಕೂಡುವ ಕಡೆ ನೀರು ಸೋರದಂತೆ ಇಟ್ಟು, ಎಂಜಿನ್ನಿನ ಮುಖಕ್ಕೆ ಅಂಟಿಹೋದ ಹಳೆಯ ಪ್ಯಾಕಿಂಗ್ ಕಾಗದದ ಚೂರುಗಳನ್ನು ಕೆರೆಯಲು ಕೊಟ್ಟರು. ನಾನು ಎಳೆ ಎಳೆಯಾಗಿ ತೆಗೆಯತೊಡಗಿದೆ. "ಶೇಟ್, ಅದು ಪೈಠಣಿ ಸೀರಿ ಅಲ್ಲ, ಜಲ್ದಿ ಉಜ್ಜ್ರಿ" ಎಂದರು. ಅವರು ಪಂಪಿನ ಬಾಯಿಗೆ ದಪ್ಪ ಕಾಗದ ಹಿಡಿದು, ಅಂಚಿನ ಗುಂಟ ಸುತ್ತಿಗೆಯಿಂದ ಕುಟ್ಟಿ ಕುಟ್ಟಿಯೇ ಹೊಸ ಪ್ಯಾಕಿಂಗ್ ಕತ್ತರಿಸಿದರು. ಅಳತೆಯಿಲ್ಲ, ಗುರುತಿಲ್ಲ, ಒಂದೆಳೆ ಹೆಚ್ಚುಕಮ್ಮಿಯಿಲ್ಲ. ನನ್ನ ಕೊರಳಲ್ಲಿ ತೂಗುತ್ತಿದ್ದ ಅಳತೆಪಟ್ಟಿಯನ್ನು ನಾನು ಮೆಲ್ಲಗೆ ಕಿಸೆಗೆ ಸೇರಿಸಿದೆ. ಹೊಸ ಪಂಪನ್ನು ಎತ್ತಿ ಕೊಡುವಾಗ ಬಾಯಿ ತಪ್ಪಿ, "ಇದಕ್ಕೂ ತೂತು ಅದಲ್ರಿ" ಎಂದುಬಿಟ್ಟೆ. ಚಾಂದಸಾಬ್ ತಕ್ಷಣ ಅದನ್ನು ಕಸಿದುಕೊಂಡರು.

ಎಂಜಿನ್ನನ್ನು ತಂಪಾಗಿಡುವ ಹಸಿರು ನೀರು ತುಂಬಿ, ಮುಚ್ಚಳ ತೆರೆದಿಟ್ಟು ಎಂಜಿನ್ನು ಓಡಿಸಿ, ಗುಳ್ಳೆಗಳೆಲ್ಲ ಹೋದ ಮೇಲೆ, "ಹೋಗ್ರಿ, ಕುಬಸ ಮಾಡ್ರಿ" ಎಂದರು. ನಾಲ್ಕೂವರೆ. ನಾನು ಅವರನ್ನು ಬದಿಗೆ ಕರೆದು, ಈ ಅಂಟಿನ ಸಂಗತಿ ಉದಗೀರಕ್ಕೆ ಮುಟ್ಟದ ಹಾಗೆ ಅತ್ತೆಯವರಿಗೆ ಒಂದು ಮಾತು ಹೇಳಬಾರದೇ ಎಂದೆ. ಅವರು ಕೈ ಒರೆಸಿಕೊಂಡರು. "ಶೇಟ್, ಒಂದು ಚುಗಲಿ ತೂತು ಮುಚ್ಚಿ ನೋಡೀರಿ. ಎರಡನೇದಕ್ಕ ಕೈ ಹಾಕಬ್ಯಾಡ್ರಿ."

ವಲಾಂಡಿಯ ದಾರಿ ಹಿಡಿದೆವು. ಈ ಸಲ ನಾನು ನೋಡಿದ್ದು ಆ ಸಣ್ಣ ಮುಳ್ಳನ್ನು. ಅದು ನಟ್ಟನಡುವೆ ನಿಂತಿತ್ತು. ವೇಗದ ಮುಳ್ಳು ಅರವತ್ತಕ್ಕೆ ಹೋದದ್ದು ನನಗೆ ತಿಳಿಯಲಿಲ್ಲ. ಕೊನೆಗೆ ಧೈರ್ಯ ಮಾಡಿ ಬಾಯಿ ತೆರೆದೆ.

"ಬಸವಣ್ಣಾ, ಸಂಗುಗ ಇದೆಲ್ಲಾ ತಿಳಿಯದಿದ್ರ ಚಲೋ ಇತ್ತು."

ಅತ್ತೆಯವರು ಸೆರಗು ಸರಿಮಾಡಿಕೊಂಡರು. ಆಮೇಲೆ, "ಬಸವಣ್ಣಾ, ಶುಭದ ದಿನ ನಾ ಯಾಕ ಹೇಳಲಿ?"

ಮನೆ ಮುಟ್ಟಿದಾಗ ಪಡಸಾಲೆಯಲ್ಲಿ ದೀಪ ಆಗಷ್ಟೇ ಹಚ್ಚಿದ್ದರು. ಮುತ್ತೈದೆಯರು ಕೂತಿದ್ದರು; ಸಂಗುವಿನ ಹೆಂಡತಿ ಮಣೆಯ ಪಕ್ಕದಲ್ಲಿ ನಿಂತು ಬಾಗಿಲನ್ನೇ ನೋಡುತ್ತಿದ್ದಳು. ಅತ್ತೆಯವರು ಕಾಲು ತೊಳೆದು ನೇರವಾಗಿ ಹೋಗಿ ಅವಳ ಮಡಿಲಿಗೆ ಸೀರೆ ಇಟ್ಟರು. ಅವಳು ಅದನ್ನು ಎರಡೂ ಕೈಯಿಂದ ಹಿಡಿದುಕೊಂಡಾಗ ನಾನು ಬಾಗಿಲ ಬಳಿ ನಿಂತು ಮೂಗು ಒರೆಸಿಕೊಂಡೆ. ಡೀಸೆಲ್ಲಿನ ವಾಸನೆಗೆ ಹಾಗಾಗುತ್ತದೆ.

ಸಂಗು ಗಾಡಿಗೆ ಒಂದು ಸುತ್ತು ಹಾಕಿ ಬಂದ. "ದಾಜಿ, ಗಾಡಿ ಏನೂ ತ್ರಾಸ ಕೊಡಲಿಲ್ಲಲ?"

"ಏನೂ ಇಲ್ಲ" ಎಂದೆ. ಅವನು ತಲೆಯಾಡಿಸಿ ಒಳಗೆ ಹೊರಟಿದ್ದ. ಅಷ್ಟಕ್ಕೆ ಬಿಡಬಹುದಿತ್ತು. "ತೂತಿಗಂತೂ ನಾ ಕೈ ಹಚ್ಚಿಲ್ಲ" ಎಂದೆ.

ಅವನು ನಿಂತ. "ಯಾವ ತೂತು?"

"ಹೊಸಾ ಪಂಪಿನ ತೂತು."

"ಹೊಸಾ ಪಂಪು?"

ಮುಂದಿನದನ್ನು ಅವನು ಕೇಳುವುದೇ ಬೇಕಾಗಲಿಲ್ಲ. ಹದಿನೆಂಟು ಎಣಿಸುವಷ್ಟರಲ್ಲಿ ಒಂದೊಂದರಂತೆ ಎಲ್ಲವೂ ತಾನಾಗಿ ಬಿದ್ದಿತು. ಸಂಗು ಕಟ್ಟೆಯ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಗುತ್ತ, ಅಕ್ಕನನ್ನು ಕೂಗಿದ. ಅವಳು ಬಂದು ಕೇಳಿ, ಇನ್ನೂ ನಾಲ್ವರನ್ನು ಕರೆದಳು. ಎಲ್ಲರಿಗೂ ನಾನೇ ಹೇಳಿದೆ, ಅಳತೆ ಸಮೇತ.

ಊಟಕ್ಕೆ ಕೂತಾಗ ಪಂಕ್ತಿಯಲ್ಲಿ ಕೊನೆಗೆ ಉಳಿದವನು ನಾನೊಬ್ಬನೇ. ಅತ್ತೆಯವರು ಹೋಳಿಗೆ ಬಡಿಸಿ, ಬಾಗಿಲ ಮರೆಗೆ ಸರಿದು, ನನ್ನ ಎಲೆಯ ಪಕ್ಕದಲ್ಲಿದ್ದ ನೀರಿನ ತಂಬಿಗೆಗೆ ಹೇಳಿದರು: "ನಾ ಏನೂ ಹೇಳಿಲ್ಲ ಬಿಡವ್ವ. ಇನ್ನ ಮ್ಯಾಲ ಎಲ್ಲೆರೆ ತೂತು ಕಂಡ್ರ ಮದಲ ಒಂದು ಮಾತು ಕೇಳ್ರಿ ಅಂತ ಹೇಳು."

ನಾನು ಅತ್ತಿತ್ತ ನೋಡಿದೆ. ಬೇರೆ ಯಾರೂ ಇರಲಿಲ್ಲ. ತಂಬಿಗೆಯ ಕಡೆ ಸ್ವಲ್ಪ ಬಾಗಿ, "ಆಗಲಿ ಅಂತ ಹೇಳವ್ವ" ಎಂದೆ.